ಹಳೆಯ ಜೀಪಿನ ಬಲ ಇಂಡಿಕೇಟರ್: ಒಂದು ಪ್ರಕರಣ ಅಧ್ಯಯನ

ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಅಡ್ಕಸ್ಥಳದ ಕಡೆಗೆ ಹೋಗುವ ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ, ಬಲಕ್ಕೆ ಅಡಿಕೆ ತೋಟಗಳತ್ತ ಮಣ್ಣಿನ ದಾರಿ ಇಳಿಯುವ ಒಂದು ತಿರುವಿನಲ್ಲಿ, ಆಟಿ ತಿಂಗಳ ಒಂದು ಸಂಜೆ ಈ ಪ್ರಕರಣ ಆರಂಭವಾಯಿತು. ಜೀಪು ಬಲಕ್ಕೆ ಹೊರಳುತ್ತಿದ್ದಾಗಲೇ ಹಿಂದಿನಿಂದ ಬಂದ ಬೈಕೊಂದು ಅದೇ ಬಲಬದಿಯಿಂದ ಮುಂದೆ ಹೋಗಲು ನುಗ್ಗಿ, ಕೂದಲೆಳೆಯ ಅಂತರದಲ್ಲಿ ಪಾರಾಗಿ ಚರಂಡಿಯ ಅಂಚಿನಲ್ಲಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಬೈಕಿನವನು ಸಿಗ್ನಲ್ ಇರಲಿಲ್ಲವೆಂದ. ಜೀಪಿನವರು ಹಾಕಿದ್ದೆನೆಂದರು, ಡ್ಯಾಶ್‌ಬೋರ್ಡಿನಲ್ಲಿ ಹಸಿರು ಬಾಣ ಮಿನುಗುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆಂದೂ ಸೇರಿಸಿದರು. ಇಬ್ಬರ ಮಾತೂ ನಿಜವೇ ಆಗಿತ್ತೆಂಬುದು ಮರುದಿನ ಜೀಪು ನನ್ನ ಶೆಡ್ಡಿಗೆ ಬಂದ ಮೇಲೆ ತಿಳಿಯಿತು.

ಜೀಪಿನ ಒಡೆಯರು ನಮ್ಮ ನೆರೆಯ ಕೃಷಿಕರು. ಚಿಕ್ಕಂದಿನಿಂದಲೂ ಅವರನ್ನು ನಾನು ಮಾವ ಎಂದೇ ಕರೆಯುತ್ತ ಬಂದಿದ್ದೇನೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ವಾಹನ 1998ರಲ್ಲಿ ನೋಂದಣಿಯಾದ ಡೀಸೆಲ್ ಜೀಪು; ಗೊಬ್ಬರ, ಅಡಿಕೆ ಮೂಟೆ, ಕೆಲಸದವರು, ಮದುವೆ ಮನೆಯ ಪಾತ್ರೆ ಎಲ್ಲವನ್ನೂ ಹೊತ್ತದ್ದು. ಖಾಸಗಿ ವಾಹನದ ನೋಂದಣಿಯನ್ನು 15 ವರ್ಷದ ಬಳಿಕ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ. ಇಪ್ಪತ್ತೈದು ತುಂಬಿದ ವರ್ಷದ ನವೀಕರಣಕ್ಕಾಗಿ ಆ ಬೇಸಗೆಯಲ್ಲಿ ಜೀಪಿಗೆ ಟಿಂಕರಿಂಗ್, ಪೈಂಟಿಂಗ್ ಮಾಡಿಸಿದ್ದರು. ಈ ಸಂಗತಿಯನ್ನು ಮಾವ ತಾವಾಗಿ ಹೇಳಲಿಲ್ಲ, ನಾನೂ ಮೊದಲ ದಿನ ಕೇಳಲಿಲ್ಲ. ಕೇಳಿದ್ದರೆ ಅರ್ಧ ದಿನದ ಕೆಲಸ ಉಳಿಯುತ್ತಿತ್ತು.

ನನ್ನ ಬಳಿಗೆ ಬರುವ ಹೊತ್ತಿಗೆ ಜೀಪಿನ ಮೇಲೆ ನಾಲ್ಕು ಚಿಕಿತ್ಸೆಗಳಾಗಿದ್ದವು. ಮಳೆ ಹಿಡಿದ ಹೊಸತರಲ್ಲಿ ಬಲ ಇಂಡಿಕೇಟರ್ ಒಮ್ಮೊಮ್ಮೆ ಅವಸರದಿಂದ ಮಿನುಗತೊಡಗಿದಾಗ ಬಲ್ಬ್ ಹೋಗಿರಬೇಕೆಂದು ಹಿಂದಿನ ಬಲ್ಬ್ ಬದಲಾಯಿತು. ಎರಡು ದಿನ ಸರಿ ಇದ್ದು ಮತ್ತೆ ಅದೇ ಅವಸರ ಕಂಡಾಗ ಪೇಟೆಯ ಎಲೆಕ್ಟ್ರಿಷಿಯನ್ ಫ್ಲ್ಯಾಶರ್, ಅಂದರೆ ಇಂಡಿಕೇಟರನ್ನು ಮಿನುಗಿಸುವ ಸಾಧನವನ್ನು ಬದಲಾಯಿಸಿದರು. ಬಳಿಕ ಯಾರದೋ ಸಲಹೆಯಂತೆ, ಹೆಚ್ಚು ಬೆಳಕು ಬರಲೆಂದು ಹಿಂದಿನ ಎರಡೂ ಇಂಡಿಕೇಟರ್‌ಗಳಿಗೆ ಎಲ್‌ಇಡಿ ಬಲ್ಬ್ ಹಾಕಲಾಯಿತು. ಆಗ ಬಲ ಮಾತ್ರವಲ್ಲ, ಎಡವೂ ಅವಸರಪಡತೊಡಗಿತು. ಕೊನೆಗೆ, ಹೊರೆ (ಬಲ್ಬ್‌ಗಳು ಎಳೆಯುವ ವಿದ್ಯುತ್ತು) ಎಷ್ಟಿದ್ದರೂ ಒಂದೇ ವೇಗದಲ್ಲಿ ಮಿನುಗಿಸುವ ಬಗೆಯ ಫ್ಲ್ಯಾಶರ್ ತಂದು ಕೂರಿಸಿದರು. ಟಿಕ್ ಟಿಕ್ ಸದ್ದು ಸರಿಹೋಯಿತು. ಬೈಕ್ ನುಗ್ಗಿದ್ದು ಇದಾಗಿ ಹತ್ತು ದಿನಕ್ಕೆ.

ಇಲ್ಲಿ ಫ್ಲ್ಯಾಶರ್ ಬಗ್ಗೆ ಸ್ವಲ್ಪ ಹೇಳಲೇಬೇಕು. 12 ವೋಲ್ಟ್ ವಾಹನದಲ್ಲಿ ಇಂಡಿಕೇಟರ್ ಬಲ್ಬ್ ಸಾಮಾನ್ಯವಾಗಿ 21 ವಾಟ್‌ನದು, ಅಂದರೆ ಒಂದೊಂದು ಬಲ್ಬ್ 1.75 ಆಂಪಿಯರ್ ಎಳೆಯುತ್ತದೆ. ಒಂದು ಬದಿಯ ಎರಡು ಬಲ್ಬ್ ಸೇರಿ 3.5 ಆಂಪಿಯರ್. ಹಳೆಯ ಕಾಲದ ಡಬ್ಬಿ ಫ್ಲ್ಯಾಶರಿನೊಳಗೆ ಈ ವಿದ್ಯುತ್ತಿನಿಂದಲೇ ಬಿಸಿಯಾಗಿ ಬಾಗುವ ಲೋಹದ ಪಟ್ಟಿಯಿರುತ್ತದೆ; ಒಂದು ಬಲ್ಬ್ ಹೋದರೆ ಬಿಸಿ ಸಾಲದೆ ಅದು ನಿಧಾನವಾಗುತ್ತದೆ, ಇಲ್ಲವೇ ಮಿನುಗದೆ ಉರಿದೇ ನಿಲ್ಲುತ್ತದೆ. ಆಮೇಲೆ ಬಂದ ಎಲೆಕ್ಟ್ರಾನಿಕ್ ಫ್ಲ್ಯಾಶರ್ ವಿದ್ಯುತ್ತನ್ನು ಅಳೆದು, ಕಡಿಮೆ ಕಂಡರೆ ಬೇಕೆಂದೇ ವೇಗ ಹೆಚ್ಚಿಸುತ್ತದೆ. ಆ ಅವಸರ ಒಂದು ದೂರು. ಹೊರಗೆ ಏನೋ ಸರಿಯಿಲ್ಲವೆಂದು ಚಾಲಕನ ಕಿವಿಗೆ ಮುಟ್ಟಿಸುವ ವ್ಯವಸ್ಥೆ. ಹೊರೆಯನ್ನು ಲೆಕ್ಕಿಸದ ಫ್ಲ್ಯಾಶರ್ ಹಾಕಿದೊಡನೆ ದೂರು ಹೇಳುವ ಬಾಯಿ ಮುಚ್ಚಿತು, ತೊಂದರೆ ಇದ್ದಲ್ಲೇ ಉಳಿಯಿತು. ಎಲ್‌ಇಡಿ ಹಾಕಿದ ಹಳೆಯ ವಾಹನಗಳಿಗೆ ಅಂಥ ಫ್ಲ್ಯಾಶರ್ ಬೇಕಾಗುತ್ತದೆ ನಿಜ. ಆದರೆ ಕಾರಣ ತಿಳಿಯದ ಅವಸರಕ್ಕೆ ಅದನ್ನು ಮದ್ದಾಗಿ ಬಳಸುವುದನ್ನು ನಾನು ಒಪ್ಪಲಾರೆ.

ಆದ್ದರಿಂದ ನಾನು ಮಾಡಿದ ಮೊದಲ ಕೆಲಸ ದುರಸ್ತಿಯದಲ್ಲ, ಹಿಂದಕ್ಕೆ ಹೋಗುವುದು. ಎಲ್‌ಇಡಿಗಳನ್ನು ತೆಗೆದು 21 ವಾಟ್ ಬಲ್ಬ್‌ಗಳನ್ನೇ ಹಾಕಿದೆ. ಹೊಸ ಫ್ಲ್ಯಾಶರ್ ಕಳಚಿ ಮೊದಲಿನ ಬಗೆಯ, ಹೊರೆ ನೋಡುವ ಎಲೆಕ್ಟ್ರಾನಿಕ್ ಫ್ಲ್ಯಾಶರ್ ಇಟ್ಟೆ. ಮಾವನಿಗೆ ಇದು ಹಿಡಿಸಲಿಲ್ಲ.

“ಸರಿ ಇದ್ದದ್ದನ್ನು ತೆಗೆದು ಹಾಳಾದದ್ದನ್ನು ಹಾಕುವುದಾ ಮಾರಾಯ?” ಎಂದರು.

ರೋಗಿಯ ಜ್ವರವನ್ನು ಮಾತ್ರೆಯಿಂದ ಇಳಿಸಿ ವೈದ್ಯರಲ್ಲಿಗೆ ಕರೆದೊಯ್ದರೆ ಅವರು ಏನನ್ನು ನೋಡಬೇಕು ಎಂದು ಕೇಳಿದೆ. ಅವರು ಎಲೆಯಡಿಕೆಯ ಚೀಲ ಬಿಚ್ಚಿ ಕುಳಿತರು. ಒಪ್ಪಿಗೆಯೆಂದು ನಾನು ತಿಳಿದುಕೊಂಡೆ.

ಬಲ್ಬ್ ಹೋಲ್ಡರಿನಲ್ಲಿ ಒಂದು ಸಾಮಾನ್ಯ ಬಲೆಯಿದೆ, ಅದನ್ನು ಮೊದಲೇ ನೋಡಿ ಮುಗಿಸಿದೆ. ಈ ಜೀಪಿನ ಹಿಂದಿನ ಪ್ರತಿ ದೀಪದ ಪೆಟ್ಟಿಗೆಯಲ್ಲಿ ಎರಡು ಬಲ್ಬ್: ಇಂಡಿಕೇಟರಿಗೆ ಒಂದೇ ಫಿಲಮೆಂಟಿನ 21 ವಾಟ್, ಬ್ರೇಕ್ ಮತ್ತು ಟೈಲ್ (ಪಾರ್ಕ್ ಲೈಟ್ ಹಾಕಿದಾಗ ಹಿಂದೆ ಉರಿಯುವ ಕೆಂಪು ದೀಪ) ಎರಡಕ್ಕೂ ಸೇರಿ ಜೋಡಿ ಫಿಲಮೆಂಟಿನ 21/5 ವಾಟ್. ಜೋಡಿ ಫಿಲಮೆಂಟಿನದರ ಎರಡು ಮೊಳೆಗಳು ಬೇರೆ ಬೇರೆ ಎತ್ತರದಲ್ಲಿರುತ್ತವೆ, ತಿರುಗಿಸಿ ಹಾಕಲಾಗಬಾರದೆಂದು. ಹೋಲ್ಡರ್ ಸವೆದಿದ್ದರೆ, ಹಾಕುವವರ ಕೈಯೂ ಬಲವಾಗಿದ್ದರೆ, ಒಂಟಿ ಫಿಲಮೆಂಟಿನ ಬಲ್ಬ್ ಅಲ್ಲಿ ಕುಳಿತು ಅದರ ಒಂದೇ ತಳ ಎರಡು ಸಂಪರ್ಕಗಳನ್ನೂ ಮುಟ್ಟಿಬಿಡುತ್ತದೆ. ಆಗ ಬ್ರೇಕ್ ಒತ್ತಿದರೆ ಟೈಲ್ ಲೈನಿಗೂ ವಿದ್ಯುತ್ ಹರಿದು ದೀಪಗಳೆಲ್ಲ ಕಲಸುಮೇಲೋಗರವಾಗುತ್ತವೆ. ಇಲ್ಲಿ ಹಾಗೇನೂ ಆಗಿರಲಿಲ್ಲ.

ಬಳಿಕ ಶೆಡ್ಡಿನ ಬಾಗಿಲು ಎಳೆದು, ಕತ್ತಲು ಮಾಡಿಕೊಂಡು, ಒಂದೊಂದೇ ಸ್ವಿಚ್ ಹಾಕುತ್ತ ಮಾವನನ್ನು ಒಳಗೆ ಕೂರಿಸಿ ನಾನು ಹಿಂದೆ ನಿಂತೆ. ಬಲ ಇಂಡಿಕೇಟರ್ ಒಂದನ್ನೇ ಹಾಕಿದಾಗ ಮುಂದಿನದು ಚೆನ್ನಾಗಿ ಮಿನುಗಿತು, ಹಿಂದಿನದು ಕೆಂಡ ಆರುವ ಮೊದಲಿನ ಬಣ್ಣಕ್ಕೆ ಬಂದು ಹೋಗುತ್ತಿತ್ತು; ಜೊತೆಗೆ, ಯಾರೂ ಬ್ರೇಕ್ ಒತ್ತದಿದ್ದರೂ ಎರಡೂ ಬ್ರೇಕ್ ಲೈಟ್‌ಗಳು ಅದೇ ತಾಳಕ್ಕೆ ಬಹಳ ಮಂದವಾಗಿ ಮಿಣುಕುತ್ತಿದ್ದವು. ಪಾರ್ಕ್ ಲೈಟ್ ಹಾಕಿದಾಗ ಬಲದ ಟೈಲ್ ದೀಪ ಎಡದ್ದರಷ್ಟೇ ಉರಿಯಿತು, ಕುಂದೇ ಕಾಣಲಿಲ್ಲ. ಪಾರ್ಕ್ ಲೈಟ್ ಉರಿಯುತ್ತಿರುವಾಗಲೇ ಬಲ ಇಂಡಿಕೇಟರ್ ಹಾಕಿದರೆ ಮುಂದಿನ ಹಳದಿ ಹೊತ್ತಿದಾಗ ಹಿಂದಿನ ಕೆಂಪು ಆರುತ್ತಿತ್ತು, ಹಳದಿ ಆರಿದಾಗ ಕೆಂಪು ಹೊತ್ತುತ್ತಿತ್ತು, ಫ್ಲ್ಯಾಶರ್ ಅವಸರಕ್ಕೂ ಬೀಳುತ್ತಿತ್ತು. ದೀಪಗಳನ್ನೆಲ್ಲ ಆರಿಸಿ ಬ್ರೇಕ್ ಮಾತ್ರ ಒತ್ತಿದಾಗ, “ಇಲ್ಲಿ ಬಲದ ಬಾಣ ಸಣ್ಣಕ್ಕೆ ಕಾಣುತ್ತದಲ್ಲ!” ಎಂದು ಮಾವ ಒಳಗಿನಿಂದ ಕೂಗಿದರು.

ಸಂಬಂಧವೇ ಇಲ್ಲದ ದೀಪಗಳು ಹೀಗೆ ಒಂದರ ಕೆಲಸಕ್ಕೆ ಇನ್ನೊಂದು ತಲೆಹಾಕಿದರೆ ನೋಡಬೇಕಾದದ್ದು ಅವೆಲ್ಲ ಒಟ್ಟಾಗಿ ಬಳಸುವ ದಾರಿಯನ್ನು. ಬಲ್ಬಿಗೆ ವಿದ್ಯುತ್ ಬರುವ ವಯರ್‌ಗಳು ಬೇರೆ ಬೇರೆ. ಹಿಂದಿರುಗುವ ದಾರಿ ಒಂದೇ, ಅರ್ತ್. ಈ ಜೀಪಿನ ಹಿಂದಿನ ದೀಪಗಳಿಗೆ ಅರ್ತಿನ ಪ್ರತ್ಯೇಕ ವಯರ್ ಇಲ್ಲ. ಪೆಟ್ಟಿಗೆಯ ತಗಡಿನ ಬೆನ್ನು ಎರಡು ಬೋಲ್ಟ್‌ಗಳ ಮೂಲಕ ಬಾಡಿಗೆ ತಾಗುವುದೇ ಅರ್ತ್. ಆ ತಾಗುವಿಕೆ ಕೆಟ್ಟರೆ ವಿದ್ಯುತ್ ಸುಮ್ಮನೆ ನಿಲ್ಲುವುದಿಲ್ಲ, ಗದ್ದೆಯ ತೂಬು ಕಟ್ಟಿದಾಗ ನೀರು ಪಕ್ಕದ ಗದ್ದೆಗೆ ನುಗ್ಗುವಂತೆ ಸಿಕ್ಕಿದ ದಾರಿ ಹಿಡಿಯುತ್ತದೆ. ಬಲ ಇಂಡಿಕೇಟರ್ ಫಿಲಮೆಂಟಿನಿಂದ ಹೊರಟದ್ದು ಬಾಡಿಗೆ ಇಳಿಯಲಾಗದೆ ಅದೇ ಪೆಟ್ಟಿಗೆಯ ಬ್ರೇಕ್ ಫಿಲಮೆಂಟನ್ನು ಹಿಂದುಮುಂದಾಗಿ ಹಾದು, ಬ್ರೇಕ್ ವಯರಿನಲ್ಲಿ ಮೇಲೇರಿ, ಎಡದ ಬ್ರೇಕ್ ಬಲ್ಬಿನ ಮೂಲಕ ಎಡದ ಅರ್ತ್ ಸೇರುತ್ತದೆ. ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟ್ ಮಿಣುಕುವುದಕ್ಕೂ, ಬ್ರೇಕ್ ಒತ್ತಿದರೆ ಬಾಣ ಕಾಣುವುದಕ್ಕೂ ಕಾರಣ ಇದೇ. ಎರಡನೆಯದು ಅದೇ ದಾರಿಯ ತಿರುಗುಪಯಣ.

ಟೈಲ್ ದೀಪ ಸರಿಯಾಗಿಯೇ ಉರಿದದ್ದು ಏಕೆಂಬುದೇ ಈ ಪ್ರಕರಣದ ಅತ್ಯಂತ ಮೋಸದ ಭಾಗ, ಹಿಂದೆ ನೋಡಿದವರೆಲ್ಲ ಎಡವಿದ್ದೂ ಇಲ್ಲಿಯೇ. 5 ವಾಟ್ ಫಿಲಮೆಂಟಿನ ತಡೆ (ವಿದ್ಯುತ್ ಹರಿವಿಗೆ ಅದು ಒಡ್ಡುವ ಅಡ್ಡಿ) ಉರಿಯುವಾಗ ಸುಮಾರು 29 ಓಮ್; 21 ವಾಟ್‌ನದು ಸುಮಾರು 7 ಓಮ್, ತಣ್ಣಗಿರುವಾಗ ಅದರ ಹತ್ತನೆಯ ಒಂದು ಪಾಲಿನಷ್ಟೇ. 5 ವಾಟ್‌ನ ಫಿಲಮೆಂಟಿಗೆ ತಣ್ಣನೆಯ 21 ವಾಟ್ ಫಿಲಮೆಂಟ್ ಹೆಚ್ಚುಕಡಿಮೆ ಒಂದು ವಯರ್ ಇದ್ದಂತೆ. ಅರ್ತ್ ಕೆಟ್ಟರೂ ಟೈಲ್ ದೀಪವು ಪಕ್ಕದ ಇಂಡಿಕೇಟರ್ ಮತ್ತು ಬ್ರೇಕ್ ಫಿಲಮೆಂಟ್‌ಗಳನ್ನೇ ಅರ್ತ್ ಮಾಡಿಕೊಂಡು ಹಾಯಾಗಿ ಉರಿಯುತ್ತದೆ, ಅವು ಬೆಳಗುವಷ್ಟು ವಿದ್ಯುತ್ತು ಅವುಗಳಲ್ಲಿ ಹರಿಯುವುದೂ ಇಲ್ಲ. ಟೈಲ್ ಉರಿಯುತ್ತಿದೆ, ಆದ್ದರಿಂದ ಆ ಪೆಟ್ಟಿಗೆಯ ಅರ್ತ್ ಸರಿ ಇದೆ ಎಂಬ ತರ್ಕ ಕೇಳಲು ಚೆನ್ನಾಗಿದ್ದರೂ ತಪ್ಪು. ಇಂಡಿಕೇಟರ್ ಹಾಕಿದೊಡನೆ ಎರವಲು ದಾರಿಯಲ್ಲಿಯೂ 12 ವೋಲ್ಟ್ ತುಂಬುತ್ತದೆ, ಟೈಲ್ ಫಿಲಮೆಂಟಿನ ಎರಡು ತುದಿಗಳ ನಡುವೆ ಅಂತರ ಕುಗ್ಗುತ್ತದೆ, ದೀಪ ಆರಿದಂತಾಗುತ್ತದೆ. ಕಣ್ಣಾಮುಚ್ಚಾಲೆಯ ಗುಟ್ಟು ಇಷ್ಟೇ.

ಊಹೆ ಎಷ್ಟು ಚೆಂದವಿದ್ದರೂ ಅಳೆಯದೆ ಬೋಲ್ಟ್ ಬಿಚ್ಚುವುದು ನನ್ನ ಪದ್ಧತಿಯಲ್ಲ. ಮಿನುಗುವ ದೀಪದಲ್ಲಿ ಮೀಟರಿನ ಅಂಕಿ ಕುಣಿಯುತ್ತದೆ. ಅದಕ್ಕಾಗಿ ಫ್ಲ್ಯಾಶರ್ ಕಳಚಿ ಅದರ ಬಿ (ಬ್ಯಾಟರಿಯ ಕಡೆಯ) ಮತ್ತು ಎಲ್ (ದೀಪದ ಕಡೆಯ) ಕಾಲುಗಳ ಜಾಗಕ್ಕೆ ಒಂದು ತುಂಡು ವಯರ್ ಸಿಕ್ಕಿಸಿ ಇಂಡಿಕೇಟರ್ ಮಿನುಗದೆ ಉರಿದೇ ನಿಲ್ಲುವಂತೆ ಮಾಡಿದೆ. ಬ್ಯಾಟರಿಯಲ್ಲಿ 12.4 ವೋಲ್ಟ್, ಹಿಂದಿನ ಹೋಲ್ಡರಿಗೆ ಬರುವ ವಯರಿನಲ್ಲಿ 11.9. ಅಷ್ಟು ದೂರದ ಹಳೆಯ ವಯರಿಂಗಿಗೆ ಅದು ತಕರಾರಿಲ್ಲದ ಲೆಕ್ಕ. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ದೀಪದ ತಗಡಿನ ಬೆನ್ನಿಗೂ ಹಿಡಿದೆ. ಅರ್ತ್ ಸರಿಯಿದ್ದರೆ ಅಲ್ಲಿ 0.1 ಅಥವಾ 0.2 ವೋಲ್ಟ್‌ಗಿಂತ ಹೆಚ್ಚು ಕಾಣಬಾರದು. ಕಂಡದ್ದು 5.7. ಬಲ್ಬಿನ ಪಾಲಿಗೆ ಉಳಿದದ್ದು 6.2 ವೋಲ್ಟ್, ಫಿಲಮೆಂಟಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯುವುದರಿಂದ, ಅರ್ಧ ವೋಲ್ಟೇಜಿನಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಬೆಳಕೂ ಕಷ್ಟ. ಮಳೆಯ ಸಂಜೆ ಕೆಸರು ಹಿಡಿದ ಗಾಜಿನ ಹಿಂದೆ ಅಷ್ಟು ಬೆಳಕು ಹಿಂದಿನಿಂದ ಬರುವವನಿಗೆ ಕಂಡರೆ ಆಶ್ಚರ್ಯಪಡಬೇಕು.

ಪೇಟೆಯ ಎಲೆಕ್ಟ್ರಿಷಿಯನ್ ಅರ್ತ್ ನೋಡಿರಲಿಲ್ಲವೆಂದೇನೂ ಇಲ್ಲ. ಫೋನ್ ಮಾಡಿ ಕೇಳಿದೆ. “ನೋಡಿದ್ದೇನೆ ಅಣ್ಣ, ಮೀಟರ್ ಬೀಪ್ ಹೇಳಿತ್ತು” ಎಂದರು. ನಾನೂ ಆ ಬೀಪ್ ಸದ್ದನ್ನು ನಂಬಿ ಹಿಂದೆ ಒಂದು ಟೆಂಪೋವಿನ ಮೇಲೆ ಎರಡು ದಿನ ಕಳೆದವನಾದ್ದರಿಂದ ಅವರನ್ನು ಹಳಿಯಲಾರೆ. ದೀಪ ಆರಿಸಿ, ಬಲ್ಬ್‌ಗಳನ್ನು ತೆಗೆದು ಅದೇ ಜಾಗವನ್ನು ನಾನೂ ಅಳೆದೆ. 18 ಓಮ್ ಬಂತು, ಮೀಟರ್ ಕೂಗಿಯೇ ಕೂಗಿತು. ಅಂಥ ಮೀಟರ್‌ಗಳು ಕೆಲವು ಹತ್ತು ಓಮ್‌ಗಳವರೆಗೂ ಸಂಪರ್ಕವಿದೆಯೆಂದೇ ಕೂಗುತ್ತವೆ, ಅವು ಪರೀಕ್ಷೆಗಾಗಿ ಹರಿಸುವ ವಿದ್ಯುತ್ತೂ ಒಂದೆರಡು ಮಿಲಿಆಂಪಿಯರ್‌ನಷ್ಟು. ಆದರೆ 18 ಓಮ್‌ನ ದಾರಿಯಲ್ಲಿ ಇಂಡಿಕೇಟರ್ ಬಲ್ಬಿನ 1.75 ಆಂಪಿಯರ್ ಹರಿಯಬೇಕಾದರೆ ಆ ದಾರಿಗೇ 31 ವೋಲ್ಟ್‌ಗಿಂತ ಹೆಚ್ಚು ಬೇಕು. ಜೀಪಿನಲ್ಲಿರುವುದು 12. ಹೊರೆ ಬಿದ್ದಾಗ ಮಾತ್ರ ಬಯಲಾಗುವ ಕುಂದನ್ನು ಹೊರೆ ಇಳಿಸಿ ಹುಡುಕಿದರೆ ಸಿಗುವುದು ಹೇಗೆ?

ಬೋಲ್ಟ್ ಬಿಚ್ಚುವ ಮೊದಲು ಇನ್ನೊಂದು ಸಣ್ಣ ಪರೀಕ್ಷೆ: ಬ್ಯಾಟರಿಯ ನೆಗೆಟಿವ್‌ನಿಂದ ಒಂದು ಉದ್ದದ ವಯರ್ ತಂದು ದೀಪದ ತಗಡಿಗೆ ಮುಟ್ಟಿಸಿದೆ. ಹಿಂದಿನ ಇಂಡಿಕೇಟರ್ ಒಮ್ಮೆಲೇ ಝಗ್ಗೆಂದು ಹೊತ್ತಿ, ಮಿಣುಕುತ್ತಿದ್ದ ಬ್ರೇಕ್ ಲೈಟ್‌ಗಳು ಆರಿದವು. ಎತ್ತಿದರೆ ಮತ್ತೆ ಮಂಕು. ಮಾವ ಎದ್ದು ಬಂದು ವಯರನ್ನು ತಾವೇ ತೆಗೆದುಕೊಂಡು ಮೂರು ನಾಲ್ಕು ಸಲ ಮುಟ್ಟಿಸಿ ನೋಡಿದರು. ಪೈಂಟಿಂಗ್ ವಿಷಯ ಅವರು ಹೇಳಿದ್ದು ಆಗ: “ಪೈಂಟ್ ಮಾಡುವಾಗ ದೀಪ ಎಲ್ಲ ಕಳಚಿದ್ದಾರೆ, ಅದರ ಮೇಲೆ ಎಂತಾದ್ರೂ ಆಗಿದೆಯಾ?”

ಆದದ್ದು ಅದೇ. ಪೆಟ್ಟಿಗೆ ಕಳಚಿದಾಗ ಬಾಡಿಯ ಮೇಲೆ ದೀಪ ಕೂರುವ ಜಾಗವೆಲ್ಲ ಹಸಿರು ಪೈಂಟಿನಿಂದ ಹೊಳೆಯುತ್ತಿತ್ತು. ಬೋಲ್ಟ್ ತೂತಿನ ಒಳಅಂಚಿಗೂ ಪೈಂಟ್ ಇಳಿದಿತ್ತು. ಒಂದು ಬೋಲ್ಟ್ ಬಿಗಿಯುವಾಗ ಪೈಂಟ್ ಸ್ವಲ್ಪ ಕೆತ್ತಿಹೋಗಿ ಉಗುರಿನ ತುದಿಯಷ್ಟು ಕಬ್ಬಿಣ ತೆರೆದುಕೊಂಡು, ಬೇಸಗೆ ಮುಗಿಯುವವರೆಗೆ ಇಡೀ ಪೆಟ್ಟಿಗೆಯ ಅರ್ತ್ ಅಷ್ಟರಲ್ಲೇ ನಡೆದಿತ್ತು. ಮಳೆ ಹಿಡಿದ ಮೇಲೆ ಆ ತೆರೆದ ಜಾಗಕ್ಕೆ ತುಕ್ಕು ಹತ್ತಿತು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ತೆರೆದ ಕಬ್ಬಿಣಕ್ಕೆ ಹೆಚ್ಚು ದಿನ ಬೇಕಾಗುವುದಿಲ್ಲ. ನೆನೆದಾಗ ಒಂದು ತಡೆ, ಒಣಗಿದಾಗ ಇನ್ನೊಂದು. ಬಲ್ಬ್ ಬದಲಾಯಿಸುವಾಗ ಪೆಟ್ಟಿಗೆ ಅಲುಗಿ ಎರಡು ದಿನ ಸರಿಯಾಗುವುದು, ಮತ್ತೆ ಕೆಡುವುದು, ಎಲ್ಲದಕ್ಕೂ ಲೆಕ್ಕ ಸಿಕ್ಕಿತು. ಎಡದ ಪೆಟ್ಟಿಗೆಗೂ ಹೀಗೆಯೇ ಪೈಂಟ್ ಆಗಿತ್ತು. ಅಲ್ಲಿ ಅಳತೆ 0.4 ವೋಲ್ಟ್. ಕೆಟ್ಟಿರಲಿಲ್ಲ, ಕೆಡಲು ಹೊರಟಿತ್ತು.

ದುರಸ್ತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೋಲ್ಟ್ ಸುತ್ತಲಿನ ಜಾಗವನ್ನು ಬಿಳಿ ಕಬ್ಬಿಣ ಕಾಣುವವರೆಗೆ ಎಮರಿ ಕಾಗದದಿಂದ ಉಜ್ಜಿ, ಪೈಂಟನ್ನು ಕಚ್ಚುವ ಹಲ್ಲಿನ ವಾಷರ್ ಹಾಕಿ ಬಿಗಿದು, ಬಿಗಿದ ಮೇಲೆ ನೀರು ಹೋಗದಂತೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆ. ಅಷ್ಟಕ್ಕೇ ಬಿಡದೆ, ಎರಡೂ ಪೆಟ್ಟಿಗೆಗಳ ತಗಡಿನಿಂದ ಒಂದೊಂದು ಕಪ್ಪು ವಯರ್ ಎಳೆದು, ತುದಿಗೆ ರಿಂಗ್ ಲಗ್ (ಬೋಲ್ಟಿಗೆ ತೂರಿಸುವ ಲೋಹದ ಬಳೆ) ಒತ್ತಿ, ಚಾಸಿಯ ಒಂದೇ ಬೋಲ್ಟಿಗೆ ತಂದು ಸೇರಿಸಿದೆ. ಇನ್ನು ಬಾಡಿಗೆ ಎಷ್ಟು ಸಲ ಪೈಂಟ್ ಹೊಡೆದರೂ ದೀಪದ ಅರ್ತಿಗೆ ಅದರ ಹಂಗಿಲ್ಲ. ವಯರ್ ತುದಿಯನ್ನು ಸುಲಿದು ಬೋಲ್ಟಿಗೆ ಸುತ್ತಿಬಿಡುವ ಅಭ್ಯಾಸ ನಮ್ಮಲ್ಲಿ ಬಹಳವಿದೆ. ಎರಡು ಮಳೆಗಾಲಕ್ಕೆ ಆ ಎಳೆಗಳು ಹಸಿರು ಕಿಲುಬು ಹಿಡಿದು ಪುಡಿಯಾಗುತ್ತವೆ. ಮರಳಿ ಅಳೆದಾಗ ಬಲಕ್ಕೆ 0.07, ಎಡಕ್ಕೆ 0.06 ವೋಲ್ಟ್. ಫ್ಲ್ಯಾಶರ್ ಮತ್ತೆ ಸಿಕ್ಕಿಸಿ ಗಡಿಯಾರ ನೋಡಿ ಎಣಿಸಿದೆ, ನಿಮಿಷಕ್ಕೆ 84. ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಹೇಳುವ 60ರಿಂದ 120ರ ನಡುವೆಯೇ ಅದು ಬರುತ್ತದೆ.

ಪ್ರಕರಣ ಇಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಒಂಬತ್ತನೆಯ ದಿನ ಮಾವನ ಫೋನ್ ಬಂತು: ಹೊಂಡಕ್ಕೆ ಇಳಿದರೆ ಎರಡೂ ಬದಿಯ ಇಂಡಿಕೇಟರ್‌ಗಳು ನಿಂತುಹೋಗುತ್ತವೆ, ಇನ್ನೊಂದು ಹೊಂಡಕ್ಕೆ ಬರುತ್ತವೆ. ಎರಡೂ ಬದಿ ಒಟ್ಟಿಗೆ ಹೋದರೆ ಹಿಂದೆ ಹುಡುಕಬೇಕಾಗಿಲ್ಲ, ಎರಡಕ್ಕೂ ಸಮಾನವಾದದ್ದು ಮುಂದಿದೆ. ಫ್ಯೂಸ್ ಪೆಟ್ಟಿಗೆ ತೆರೆದರೆ ಇಂಡಿಕೇಟರಿನ ಫ್ಯೂಸ್‌ಗೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿತ್ತು. ಹಳೆಯ ಬಗೆಯ ಪಿಂಗಾಣಿ ಫ್ಯೂಸ್, ಎರಡು ತುದಿಯೂ ಮೊನಚು, ಮೈಮೇಲೆ ಲೋಹದ ಪಟ್ಟಿ. 8 ಆಂಪಿಯರಿನದು ಬಿಳಿ, 16ರದು ಕೆಂಪು. ಹಿಡಿಯುವ ಕ್ಲಿಪ್ ಸಡಿಲವಾಗಿ ಕಿಲುಬು ಹಿಡಿದು ಕೈಗೆ ಬೆಚ್ಚಗಾಗುತ್ತಿದ್ದುದನ್ನು ಯಾರೋ ಈ ಕಾಗದದಿಂದ ಬಿಗಿ ಮಾಡಿದ್ದರು. ಅದರ ಮೇಲೆ 1.4 ವೋಲ್ಟ್ ಸೋರುತ್ತಿತ್ತು. ನನಗೆ ಸಿಟ್ಟು ಬಂದದ್ದು ಸೋರಿಕೆಗಲ್ಲ. ಬೆಳ್ಳಿ ಕಾಗದ ಫ್ಯೂಸಿನ ಮೈಯನ್ನೇ ದಾಟಿ ಎರಡು ತುದಿಗಳನ್ನೂ ಮುಟ್ಟಿದ್ದರೆ ಅಲ್ಲಿ ಫ್ಯೂಸ್ ಇದ್ದೂ ಇಲ್ಲದಂತೆ, ಎಲ್ಲಾದರೂ ಶಾರ್ಟ್ ಆದರೆ ಸುಡುವುದು ವಯರಿಂಗ್. ಕ್ಲಿಪ್ ಉಜ್ಜಿ, ಬಗ್ಗಿಸಿ ಬಿಗಿ ಮಾಡಿ, ಬಿಳಿಯ ಹೊಸ ಫ್ಯೂಸ್ ಹಾಕಿದೆ.

ಅದೇ ದಿನ ಹೆಡ್‌ಲೈಟನ್ನೂ ಅಳೆದೆ, ಮಳೆಯಲ್ಲಿ ದಾರಿ ಕಾಣುವುದಿಲ್ಲವೆಂಬ ಮಾವನ ಹಳೆಯ ಗೊಣಗಾಟ ನೆನಪಾಗಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.6 ವೋಲ್ಟ್ ಇದ್ದದ್ದು ಬಲ್ಬಿಗೆ ಮುಟ್ಟುವಾಗ 11.3. ಎರಡು 55 ವಾಟ್ ಬಲ್ಬ್‌ಗಳ 9 ಆಂಪಿಯರಿಗೂ ಮಿಕ್ಕಿದ ಹೊರೆಯನ್ನು ಇಪ್ಪತ್ತೈದು ವರ್ಷದ ಸ್ವಿಚ್ ಒಂದೇ ಹೊರುತ್ತಿತ್ತು. ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡ ಹೊರೆಯನ್ನು ಹಾಕಿ ಆರಿಸುವ ಸ್ವಿಚ್) ಇಟ್ಟು ಬ್ಯಾಟರಿಯಿಂದ ನೇರ ವಯರ್ ಎಳೆದ ಮೇಲೆ ಬಲ್ಬಿನಲ್ಲಿ 13.2 ಬಂತು, ಲೆಕ್ಕ ಹಾಕಿದರೆ ಬೆಳಕಿನ ಐದರಲ್ಲಿ ಎರಡು ಪಾಲು ಈವರೆಗೆ ದಾರಿಯಲ್ಲೇ ಸೋರುತ್ತಿತ್ತು. ಹೆಚ್ಚು ವಾಟಿನ ಬಲ್ಬ್ ಹಾಕೋಣವೆಂದು ಅವರು ಎರಡು ವರ್ಷದಿಂದ ಹೇಳುತ್ತಿದ್ದರು, ಹಾಕಿದ್ದರೆ ಆ ಸ್ವಿಚ್ ಕರಗುತ್ತಿತ್ತು.

ಪೇಟೆಯ ಎಲೆಕ್ಟ್ರಿಷಿಯನ್ ಆ ವಾರದ ಕೊನೆಗೆ ನನ್ನ ಶೆಡ್ಡಿಗೆ ಬಂದರು, 5.7 ವೋಲ್ಟ್‌ನ ಮಾತು ಅವರಿಗೆ ಪೂರ್ತಿ ನಂಬಿಕೆಯಾಗಿರಲಿಲ್ಲ. ಒಂದು ಹಳೆಯ ದೀಪದ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು, ಅರ್ತಿನ ಜಾಗದಲ್ಲಿ ತುಕ್ಕು ಹಿಡಿದ ಬೋಲ್ಟ್ ಸೇರಿಸಿ ತೋರಿಸಿದೆ. ಮೀಟರ್ ಬೀಪ್ ಎಂದಿತು, ಬಲ್ಬ್ ಕೆಂಪಗೆ ಮುಖ ತೋರಿಸಿ ಸುಮ್ಮನಾಯಿತು. ಹೋಗುವಾಗ ಅವರು 21 ವಾಟ್ ಬಲ್ಬಿಗೆ ಎರಡು ಮಾರು ವಯರ್ ಬೆಸೆದು, ತುದಿಗೆ ಕ್ಲಿಪ್ ಹಾಕಿದ ಟೆಸ್ಟ್ ಲ್ಯಾಂಪ್ ಒಂದನ್ನು ಅಲ್ಲೇ ಮಾಡಿಕೊಂಡು ಒಯ್ದರು. ಕಳಚಿದ ಎರಡು ಎಲ್‌ಇಡಿ ಬಲ್ಬ್‌ಗಳನ್ನು ಮಾವ ಕೊಟ್ಟಿಗೆಗೆ ಬೇಕೆಂದು ಕೇಳಿ ಪಡೆದರು; ಹಳೆಯ ಟ್ರ್ಯಾಕ್ಟರ್ ಬ್ಯಾಟರಿಗೆ ಜೋಡಿಸಿದ ಅವು, ಕರೆಂಟ್ ಹೋದ ರಾತ್ರಿಗಳಲ್ಲಿ ಹಾಲು ಕರೆಯುವ ಹೊತ್ತಿಗೆ ಹಳದಿಯಾಗಿ ಉರಿಯುತ್ತವೆ.